ಉಳಿ ಕೆಳಗಿಟ್ಟವನ ಪರವಾಗಿ

ಸೆನ್ಸೇ ಅವರ ಅಂತ್ಯಕ್ರಿಯೆಯಲ್ಲಿ ಇಟ್ಟಿದ್ದ ಫೋಟೋದಲ್ಲೂ ಅವರು ನಗುತ್ತಿರಲಿಲ್ಲ. ಇಲ್ಲಿ ಜಪಾನಿನಲ್ಲಿ ಬಿಳಿ ಹೂಗಳ ನಡುವೆ ಇಡುವ ಆ ದೊಡ್ಡ ಫೋಟೋದಲ್ಲಿ ಸತ್ತವರು ಸಾಮಾನ್ಯವಾಗಿ ನಗುತ್ತಿರುತ್ತಾರೆ, ಬಂದವರಿಗೆ ಸಮಾಧಾನವಾಗಲಿ ಎಂದು. ಸೆನ್ಸೇ ಮಾತ್ರ ಬಸ್ಸು ತಡವಾಗಿದೆ ಎನ್ನುವ ಮುಖದಲ್ಲಿ ನಮ್ಮೆಲ್ಲರನ್ನೂ ನೋಡುತ್ತಿದ್ದರು. ಅವರ ತಂಗಿಯ ಮಗಳು ನನ್ನ ಹತ್ತಿರ ಬಂದು ತಲೆ ಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ, ಮನೆಯೆಲ್ಲ ಹುಡುಕಿದ್ವಿ. ನಗ್ತಿರೋ ಫೋಟೋ ಒಂದೂ ಸಿಗಲಿಲ್ಲ" ಎಂದಳು, ತಪ್ಪು ತನ್ನದೇ ಎನ್ನುವ ಹಾಗೆ.

"ಇದೇ ಸರಿಯಾಗಿದೆ, ಇವರೇ ಅವರು" ಎಂದೆ.

ಅವರನ್ನು ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ. ಇಚಿಕಾವಾದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಿದೇಶಿ ಹೆಂಗಸರಿಗೆ ಜಪಾನಿ ಭಾಷೆ ಕಲಿಸುತ್ತಿದ್ದ ಮೇಷ್ಟರಮ್ಮ ಅವರು, ಹಾಗಾಗಿ ಎಲ್ಲರಿಗೂ ಸೆನ್ಸೇ. ತರಗತಿಯಲ್ಲಿ ನಾವು ನಾಲ್ಕೈದು ಜನ ಭಾರತದವರು, ಒಂದಿಬ್ಬರು ಚೀನಾದವರು, ಒಬ್ಬ ಫಿಲಿಪೀನ್ಸಿನ ಹುಡುಗಿ. ಗಂಡಂದಿರು ಬೆಳಗ್ಗೆ ತೋಜಾಯ್ ಲೈನಿನ ರೈಲಿಗೆ ತುಂಬಿಕೊಂಡು ಹೋದ ಮೇಲೆ, ಮಕ್ಕಳನ್ನು ಶಾಲೆಗೆ ಬಿಟ್ಟು ನಾವು ಅಲ್ಲಿ ಸೇರುತ್ತಿದ್ದೆವು. ಬೇರೆ ಕಡೆ ಮೊದಲ ಪಾಠ ನಮಸ್ಕಾರ, ಧನ್ಯವಾದಗಳಿಂದ ಶುರುವಾದರೆ ಸೆನ್ಸೇ ಬೋರ್ಡಿನ ಮೇಲೆ ಬರೆದದ್ದು "ತ್ಸುಕಾರೇತಾ". ಸುಸ್ತಾಗಿದೆ.

"ಈ ದೇಶದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗೋ ಪದ ಇದು. 'ಅರಿಗಾತೋ'ನ ಹೇಗೂ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಕಲಿತೀರಿ" ಎಂದರು.

ನನ್ನ ಹೆಸರು ಉಮಾ. ಜಪಾನಿಯಲ್ಲಿ ಉಮಾ ಎಂದರೆ ಕುದುರೆ. ಹೆಸರು ಹೇಳಿದ ಕೂಡಲೇ ಇಲ್ಲಿನವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಸೆನ್ಸೇ ನಗಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕುದುರೆ. ಪಾಪ, ದುಡಿಯೋ ಪ್ರಾಣಿ" ಎಂದು ಹಾಜರಿ ಹಾಕಿಕೊಂಡರು. ನಮ್ಮ ಮಾತುಕತೆಯೆಲ್ಲ ಜಪಾನಿಯಲ್ಲೇ ನಡೆದದ್ದು. ಮೊದಮೊದಲು ನನ್ನ ಹರುಕುಮುರುಕು ಜಪಾನಿಯಲ್ಲಿ, ಆಮೇಲಾಮೇಲೆ ಸರಾಗವಾಗಿ. ನನ್ನ ನೆನಪಿನೊಳಗೆ ಅವೆಲ್ಲ ಯಾವಾಗಲೋ ಕನ್ನಡವಾಗಿಬಿಟ್ಟಿವೆ.

ಮಾರ್ಚಿಯಲ್ಲಿ ಆ ದೊಡ್ಡ ಭೂಕಂಪವಾದ ಮಧ್ಯಾಹ್ನ ನಾವು ಪಾಠದಲ್ಲಿದ್ದೆವು. ಅಂದು ಯಾವುದೋ ಕಾರಣಕ್ಕೆ ಬೆಳಗಿನ ತರಗತಿ ಊಟವಾದ ಮೇಲಕ್ಕೆ ಹೋಗಿತ್ತು. ನೆಲ ಮೊದಲು ಹಡಗಿನಂತೆ ತೂಗಿ, ಆಮೇಲೆ ಯಾರೋ ಕಟ್ಟಡದ ಕತ್ತಿನಪಟ್ಟಿ ಹಿಡಿದು ಅಲ್ಲಾಡಿಸಿದಂತಾಯಿತು. "ಮೇಜಿನ ಕೆಳಗೆ!" ಎಂದು ಸೆನ್ಸೇ ಕೂಗಿದರು. ನಾವೆಲ್ಲ ನುಸುಳಿದೆವು. ಕೆಳಗಿನಿಂದ ನೋಡಿದರೆ ಅವರ ಕಂದು ಬಣ್ಣದ ಬೂಟುಗಳು ಇದ್ದಲ್ಲೇ ಇವೆ. ಅವರು ಕುರ್ಚಿಯಲ್ಲೇ ಕುಳಿತು, ಒಂದು ಕೈಯಲ್ಲಿ ಬೋರ್ಡನ್ನು ಬೀಳದಂತೆ ಹಿಡಿದಿದ್ದರು.

"ಸೆನ್ಸೇ, ನೀವೂ ಬನ್ನಿ!"

"ಮಂಡಿ ಬಗ್ಗಲ್ಲ. ನೀವು ತಲೆ ಒಳಗಿಟ್ಕೊಳ್ಳಿ."

ನಡುಕ ನಿಂತ ಮೇಲೆ ನನ್ನ ಜೊತೆ ಮಗಳ ಶಾಲೆಯವರೆಗೆ ನಡೆದು ಬಂದರು. ದಾರಿಯ ಬಿರುಕುಗಳಿಂದ ಬೂದು ಬಣ್ಣದ ಕೆಸರು ಉಕ್ಕುತ್ತಿತ್ತು, ಲೈಟ್ ಕಂಬಗಳು ವಾಲಿದ್ದವು. ನಾನು ಅಳುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ. ನನ್ನ ಕೈಚೀಲವನ್ನು ತಾವು ತೆಗೆದುಕೊಂಡು, ಕೆಸರು ಎಲ್ಲಿ ಕಡಿಮೆ ಇದೆ ಎಂದು ನೋಡುತ್ತ ಮುಂದೆ ಮುಂದೆ ನಡೆದರು, ಅಷ್ಟೆ.

ಆಮೇಲಿನ ವಾರಗಳಲ್ಲಿ ಅಣುಸ್ಥಾವರದ ಸುದ್ದಿಗೆ ಹೆದರಿ, ಭಾರತದವರೇ ಹೆಚ್ಚಾಗಿರುವ ಓಜಿಮಾದಿಂದ, ನಮ್ಮ ಇಚಿಕಾವಾದಿಂದ ಎಷ್ಟೋ ಕುಟುಂಬಗಳು ಸಿಕ್ಕಿದ ವಿಮಾನ ಹತ್ತಿ ಊರಿಗೆ ಹೋದವು. ನಾನೂ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ, ಮಳೆಗಾಲ ಮುಗಿಯುವ ಹೊತ್ತಿಗೆ ವಾಪಸು ಬಂದೆ. ತರಗತಿಗೆ ಹೋದರೆ ಹಳಬರು ಯಾರೂ ಇರಲಿಲ್ಲ. ಸೆನ್ಸೇ ಖಾಲಿ ಕುರ್ಚಿಗಳ ಎದುರು ಚಹಾ ಕುಡಿಯುತ್ತ ಕುಳಿತಿದ್ದರು. ನನ್ನನ್ನು ಕಂಡು, "ಬಂದ್ಯಾ? ಪಾಠ ಎಲ್ಲಿಗೆ ನಿಂತಿತ್ತು?" ಎಂದರು. ಯಾಕೆ ಹೋದೆ, ಯಾಕೆ ಬಂದೆ ಎಂದು ಕೇಳದೇ ಇದ್ದವರು ಇಡೀ ಜಪಾನಿನಲ್ಲಿ ಅವರೊಬ್ಬರೇ.

ವಿದ್ಯಾರ್ಥಿಗಳಿಲ್ಲದ ಆ ದಿನಗಳಲ್ಲೇ ಅವರು ನಮ್ಮ ಮನೆಗೆ ಊಟಕ್ಕೆ ಬರತೊಡಗಿದ್ದು. ಹುಳಿ, ಪಲ್ಯ, ಮೊಸರನ್ನ ಎಲ್ಲವನ್ನೂ ಒಂದೇ ಗಂಭೀರತೆಯಲ್ಲಿ ತಿನ್ನುತ್ತಿದ್ದರು. ಚೆನ್ನಾಗಿದೆ ಎಂದಾಗಲೀ ಖಾರ ಎಂದಾಗಲೀ ಹೇಳಿದ್ದಿಲ್ಲ. ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಈ ಒಬಾಚಾನ್ ಅಜ್ಜಿ ಯಾವಾಗ್ಲೂ ಆಂಗ್ರೀನಾ?" ಎಂದು ಕೇಳಿದಳು. ಅದನ್ನು ಹೇಗೋ ಊಹಿಸಿದ ಸೆನ್ಸೇ, "ಕೋಪ ಅಲ್ಲಮ್ಮ, ನನ್ನ ಮುಖಕ್ಕೆ ರಜಾ ಸಿಕ್ಕಿಲ್ಲ" ಎಂದರು.

ಹಾಗೆ ಊಟ ಮಾಡುತ್ತಲೇ ಅವರು ತಮ್ಮ ಸಂಸಾರದ ಮೂರನೆಯ ವ್ಯಕ್ತಿಯ ವಿಷಯ ಹೇಳಿದ್ದು.

ಅವರ ಗಂಡ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಭೂಕಂಪಕ್ಕೆ ಮೊದಲಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಬದುಕಿದ್ದಷ್ಟು ಕಾಲವೂ ಅವರು ಒಬ್ಬ ಮನುಷ್ಯನ ಬೆನ್ನು ಹತ್ತಿದ್ದರು. ಆತ ಹತ್ತೊಂಬತ್ತನೆಯ ಶತಮಾನದ ಒಬ್ಬ ದೇಗುಲ ಶಿಲ್ಪಿ. ಇಲ್ಲಿಯ ಹಳೆಯ ಬೌದ್ಧ ದೇವಾಲಯಗಳು ಮರದವು. ತೊಲೆಗಳ ತುದಿಯಲ್ಲಿ, ಬಾಗಿಲ ಮೇಲಿನ ಹಲಗೆಗಳಲ್ಲಿ, ಮಾಡಿನ ಕೆಳಗೆ ಸಿಂಹ, ಡ್ರ್ಯಾಗನ್, ಆನೆಗಳನ್ನು ಕೆತ್ತಿರುತ್ತಾರೆ. ಅದನ್ನು ಮಾಡುವವರದೇ ಒಂದು ಕಸುಬು. ಸೆನ್ಸೇ ಆ ಶಿಲ್ಪಿಯನ್ನು "ಆನೋ ಹಿತೋ" ಎನ್ನುತ್ತಿದ್ದರು, ಅಂದರೆ "ಆ ಮನುಷ್ಯ". ತೊಡಕೇನೆಂದರೆ, ನಮ್ಮ ಅಜ್ಜಿಯರು ಗಂಡನ ಹೆಸರೆತ್ತದೆ "ಅವರು" ಎನ್ನುತ್ತಿದ್ದ ಹಾಗೆ ಇಲ್ಲಿಯ ಆ ವಯಸ್ಸಿನ ಹೆಂಗಸರು ಗಂಡನನ್ನೂ "ಆನೋ ಹಿತೋ" ಎಂದೇ ಕರೆಯುವುದು. "ಆ ಮನುಷ್ಯನಿಗೆ ಬದನೆಕಾಯಿ ಆಗ್ತಿರಲಿಲ್ಲ" ಎಂದರೆ ಗಂಡ. "ಆ ಮನುಷ್ಯ ಯೊಕೊಹಾಮಾಕ್ಕೆ ಹೋದ ಮೇಲೆ ಕುಡಿಯೋಕೆ ಶುರು ಮಾಡಿದ" ಎಂದರೆ ಶಿಲ್ಪಿ. ನಾನು ಸಂದರ್ಭ ನೋಡಿ ತಿಳಿದುಕೊಳ್ಳಬೇಕಿತ್ತು.

"ನನ್ನ ಹನಿಮೂನ್ ನೆನಪು ಅಂದ್ರೆ ಕತ್ತು ನೋವು. ದಿನಕ್ಕೊಂದು ದೇವಸ್ಥಾನ. 'ನೋಡು, ಮೇಲೆ ನೋಡು, ಆ ಸೊಂಡಿಲು ನೋಡು.' ಮೂರನೇ ದಿನಕ್ಕೆ ನಂಗೆ ತಲೆ ಇಳಿಸೋಕೆ ಆಗ್ಲಿಲ್ಲ. ಆಮೇಲೆ ಆ ಮನುಷ್ಯನ ಜೊತೆ ಎಲ್ಲೂ ಹೋಗಲಿಲ್ಲ. ಅನ್ನದ ಉಂಡೆ ಕಟ್ಟಿ ಕೊಟ್ಟು ಕಳಿಸ್ತಿದ್ದೆ" ಎಂದರು.

ಶಿಲ್ಪಿಯ ಕಥೆಯನ್ನು ಅವರು ಹೇಳುತ್ತಿದ್ದ ರೀತಿ, ಕಷ್ಟಪಟ್ಟು ಹಾಳಾದ ಒಬ್ಬ ಮೈದುನನ ಕಥೆ ಹೇಳುವ ಹಾಗಿತ್ತು. ನಮ್ಮ ಚಿಬಾ ಪ್ರಾಂತ್ಯದ ದಕ್ಷಿಣದ ಯಾವುದೋ ಕೊಪ್ಪಲಿನಲ್ಲಿ ಹುಟ್ಟಿದವನು. ಹಲ್ಲು ಬಿದ್ದು ಹುಟ್ಟುವ ವಯಸ್ಸಿಗೆ ಎದೋ ಎನ್ನುವ ಮಹಾಪಟ್ಟಣದ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ. ವರ್ಷಗಟ್ಟಲೆ ಬರಿಯ ಉಳಿ ಮಸೆದ. ಮೂವತ್ತು ತುಂಬುವುದರೊಳಗೆ ಚಿಬಾದ ಒಂದು ದೊಡ್ಡ ದೇವಾಲಯದ ಇಡೀ ಮುಂಭಾಗ ಅವನ ಕೈಗೆ ಬಂತು. ಅಲ್ಲಿ ಅವನು ಕೆತ್ತಿದ ಆನೆಗಳನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರಂತೆ. ಆನೆಯನ್ನು ಅವನು ಕಂಡವನಲ್ಲ. ಕೇಳಿದ ವರ್ಣನೆಗೆ ಕಣ್ಣು ಮೂಗು ಇಟ್ಟವನು.

ಆಮೇಲೆ ಸರ್ಕಾರ ಬದಲಾಯಿತು. ಬೌದ್ಧಧರ್ಮ ಹೊರಗಿನದು ಎನ್ನುವ ಹೊಸ ಆಳ್ವಿಕೆಯ ಹುರುಪಿನಲ್ಲಿ ಜನ ಬೌದ್ಧ ದೇವಾಲಯಗಳಿಗೆ ನುಗ್ಗಿ ಒಡೆದರು. ಅವನ ಎರಡು ಡ್ರ್ಯಾಗನ್ನುಗಳು ಸ್ನಾನಗೃಹವೊಂದರ ಒಲೆಗೆ ಹೋದವು. ಕೆಲಸ ಕೊಡುವವರಿಲ್ಲದೆ ಯೊಕೊಹಾಮಾ ಬಂದರಿಗೆ ಹೋಗಿ ಬಿಳಿಯರ ಮನೆಗಳಿಗೆ ಬೆಂಕಿಗೂಡಿನ ಚೌಕಟ್ಟು, ಕುರ್ಚಿಯ ಕಾಲು ಕೆತ್ತಿದ. ದೇವರ ನೆತ್ತಿಯ ಮೇಲೆ ಕೂರಬೇಕಾದ ಸಿಂಹ ಯಾರೋ ವ್ಯಾಪಾರಿಯ ಪೃಷ್ಠದ ಕೆಳಗೆ ಕೂತಿತು. ಅಲ್ಲಿಂದ ಮುಂದಕ್ಕೆ ಅವನ ಹೆಸರು ಎಲ್ಲಿಯೂ ಇಲ್ಲ. ಎಷ್ಟೋ ಕಾಲದ ಮೇಲೆ ಉತ್ತರದ ಕಡಲತೀರದ ಒಂದು ಮೀನುಗಾರರ ಊರಿನಲ್ಲಿ ತೀರಿಕೊಂಡ ಎನ್ನುವುದು ಮಾತ್ರ ಗೊತ್ತು. ಅವನ ಹೆಸರಿನ ಒಂದು ಸಣ್ಣ ಸಮಾಧಿಕಲ್ಲು ಅಲ್ಲಿಯ ದೇವಾಲಯದ ಹಿಂದೆ ಇತ್ತು.

ನಡುವಿನ ಆ ವರ್ಷಗಳು ಖಾಲಿ. ಮೇಷ್ಟರ ಜೀವವೆಲ್ಲ ಆ ಖಾಲಿ ಜಾಗದಲ್ಲಿತ್ತು. ಅಂಥ ಕೈ ಸುಮ್ಮನಿರಲು ಸಾಧ್ಯವೇ ಇಲ್ಲ, ಎಲ್ಲೋ ಏನೋ ಕೆತ್ತಿರಲೇಬೇಕು ಎಂದು ಅವರು ಹುಡುಕಿದರು. ಕೊನೆಗೆ ಆ ಸಮಾಧಿಯಿದ್ದ ದೇವಾಲಯದ ತೊಲೆಗಳ ತುದಿಯಲ್ಲೇ ಇದ್ದ ಎರಡು ಆನೆತಲೆಗಳನ್ನು ಅವನ ಕೊನೆಯ ಕೃತಿ ಎಂದು ಬರೆದರು. ಅವರ ಪುಸ್ತಕದ ಕಟ್ಟಕಡೆಯ ಅಧ್ಯಾಯ ಅದು. ಪುಸ್ತಕ ಅಚ್ಚಾಗಿ ಬರುವ ಮೊದಲು ಅವರೇ ಮುಗಿದುಹೋದರು.

"ನಿಮಗೇನನ್ಸುತ್ತೆ, ಸೆನ್ಸೇ? ಅಷ್ಟು ವರ್ಷ ಅವನು ಏನು ಮಾಡ್ತಿದ್ದ?"

"ಏನೂ ಮಾಡ್ತಿರಲಿಲ್ಲ. ದಣಿದಿದ್ದ. ನನ್ನ ಗಂಡನಿಗೆ ಈ ಮಾತು ಅರ್ಥ ಆಗ್ಲೇ ಇಲ್ಲ. ದಣಿವು ಅಂದ್ರೇನು ಅಂತ ಅವರಿಗೆ ಗೊತ್ತಿದ್ರೆ ತಾನೇ? ಮನೆಗೆ ಬಂದ್ರೆ ಬಿಸಿ ಅನ್ನ ಇರ್ತಿತ್ತು."

ಮೊಸರನ್ನ ಕಲಸಿಕೊಳ್ಳುತ್ತ ಮತ್ತೆ ಹೇಳಿದರು: "ಆ ಮನುಷ್ಯನ ಕೆಲಸ ಅರ್ಧ ನಮ್ಮ ಅಪ್ಪನ ಕಾಲದ ಭೂಕಂಪದಲ್ಲಿ ಹೋಯ್ತು. ಇನ್ನರ್ಧ ಯುದ್ಧದ ಬೆಂಕೀಲಿ. ಮಿಕ್ಕಿದ್ದನ್ನ ಹುಡುಕೋದಕ್ಕೆ ನನ್ನ ಸಂಸಾರ ಸಾಲಲಿಲ್ಲ."

ಆ ವರ್ಷ ಎಲೆ ಕೆಂಪಾಗುವ ಕಾಲಕ್ಕೆ ಅವರಿಗೆ ಕಡಲತೀರದ ಆ ದೇವಾಲಯದಿಂದ ಫೋನ್ ಬಂತು. ಭೂಕಂಪಕ್ಕೆ ಮುಖ್ಯ ಮಂಟಪ ಒಂದು ಕಡೆಗೆ ವಾಲಿದೆ, ಆನೆತಲೆಗಳಲ್ಲಿ ಒಂದು ಕಳಚಿ ಬಿದ್ದಿದೆ. ಪ್ರಾಂತ್ಯದ ಕಚೇರಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆ. ಆನೆಗಳು ಆ ಪ್ರಸಿದ್ಧ ಶಿಲ್ಪಿಯವೇ ಎಂದು ಖಚಿತವಾದರೆ ಮಂಟಪವನ್ನು ಪರಂಪರೆಯ ಕಟ್ಟಡವೆಂದು ಉಳಿಸುತ್ತಾರೆ, ಇಲ್ಲವಾದರೆ ಕೆಡವುತ್ತಾರೆ. ಮೇಷ್ಟರಿಲ್ಲ, ಅವರ ಕಾಗದಪತ್ರಗಳನ್ನೆಲ್ಲ ಓದಿದವರು ಈಗ ನೀವೊಬ್ಬರೇ, ದಯವಿಟ್ಟು ಬಂದು ಒಂದು ಮಾತು ಹೇಳಬೇಕು.

"ಉಮಾ-ಸಾನ್, ನಿನಗೆ ಕಾರು ಬರುತ್ತಲ್ಲ. ಬರ್ತೀಯಾ? ಹೇಗೂ ಆನೆಗಳ ದೇಶದವಳು, ನೋಡಿ ಹೇಳು" ಎಂದರು. ತಮಾಷೆಯೋ ಅಲ್ಲವೋ ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ.

ದಾರಿಯುದ್ದಕ್ಕೂ ಮಾಡುಗಳ ಮೇಲೆ ನೀಲಿ ಟಾರ್ಪಾಲುಗಳು. ಕಡಲು ಹತ್ತಿರವಾದಂತೆ ಮನೆಗಳ ನಡುವೆ ಸುನಾಮಿ ಉಳಿಸಿಹೋದ ಬರಿಯ ಅಡಿಪಾಯಗಳು ಕಾಣತೊಡಗಿದವು. ಒಂದು ಕಡೆ ಸ್ನಾನದ ಮನೆಯ ಗುಲಾಬಿ ಟೈಲುಗಳು ಬಯಲಿನಲ್ಲಿ ಹೊಳೆಯುತ್ತಿದ್ದವು. ಸೆನ್ಸೇ ಕಿಟಕಿಯಿಂದ ಮುಖ ತಿರುಗಿಸಿ ಮಡಿಲಲ್ಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತರು.

ದೇವಾಲಯದ ಗುರುಗಳು ಐವತ್ತರ ಆಸುಪಾಸಿನವರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಾರ್ಚಿಯಿಂದ ಅವರಿಗೆ ಶವಸಂಸ್ಕಾರ, ಆ ಮೇಲಿನ ವಿಧಿಗಳು ಇವುಗಳದೇ ಕೆಲಸ. ಮಾತಿನ ನಡುವೆ ವಾಕ್ಯ ಮರೆತು ನಿಂತುಬಿಡುತ್ತಿದ್ದರು. ಮಂಟಪದ ಮುಂದೆ ಹಾಸಿದ್ದ ಕಂಬಳಿಯ ಮೇಲೆ ಬಿದ್ದ ಆನೆತಲೆಯನ್ನು ಮಲಗಿಸಿದ್ದರು. ಇನ್ನೊಂದು ಮೇಲೆ ತೊಲೆಯಲ್ಲೇ ಇತ್ತು.

ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾಗ ಸೆನ್ಸೇ ನನಗೆ ಚಿಬಾದ ಆ ದೊಡ್ಡ ದೇವಾಲಯದ ಆನೆಗಳ ಫೋಟೋ ತೋರಿಸಿದ್ದರು. ಅವು ಉರಿಯುವ ಆನೆಗಳು. ಕಣ್ಣು ಬಾಣದ ಹಾಗೆ, ಸೊಂಡಿಲು ಹೊಗೆಯ ಹಾಗೆ. ಇವು ಹಾಗಿರಲಿಲ್ಲ. ಕಿವಿ ಕೆಳಕ್ಕಿತ್ತು, ಕಣ್ಣು ಅರ್ಧ ಮುಚ್ಚಿತ್ತು. ದಸರಾ ಮುಗಿದ ಮೇಲೆ ಅರಮನೆಯ ಆವರಣದಲ್ಲಿ ಅಲಂಕಾರ ಕಳಚಿಸಿಕೊಂಡು ನಿಂತ ಆನೆಗಳನ್ನು ನಾನು ನೋಡಿದ್ದೇನೆ. ಅದು ನೆನಪಾಯಿತು.

"ಆನೆ ಥರ ಇದೆಯಾ?" ಎಂದು ಸೆನ್ಸೇ ಕೇಳಿದರು.

"ಆನೆ ಥರ ಇಲ್ಲ, ಸೆನ್ಸೇ. ಆದ್ರೆ ಆನೆ ನಿಂತ್ಕೊಳ್ಳೋ ಥರ ಇದೆ."

ಅವರು ಹೂಂ ಎಂದು ಆ ತಲೆಯ ಪಕ್ಕದ ಮೆಟ್ಟಿಲ ಮೇಲೆ ಕೂತರು. ಅಧಿಕಾರಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ಒಬ್ಬ ಅಜ್ಜಿ ಪೊರಕೆ ಊರಿಕೊಂಡು ನಮ್ಮ ಹತ್ತಿರ ಬಂದರು. ಮನೆ ಅಲೆಗೆ ಹೋಗಿತ್ತು. ಊರಿನವರು ಕೊಟ್ಟ ಕೊಠಡಿಯಲ್ಲಿದ್ದರು. ಅಲ್ಲಿ ಹೊತ್ತು ಹೋಗುವುದಿಲ್ಲವೆಂದು ದಿನವೂ ಇಲ್ಲಿಗೆ ಬಂದು ಗುಡಿಸುತ್ತಾರಂತೆ.

"ನೀವು ಆ ಮೇಷ್ಟರ ಹೆಂಡತಿ ಅಲ್ವಾ? ಅವರು ಬಂದಾಗೆಲ್ಲ ಮೇಲೆ ನೋಡ್ಕೊಂಡೇ ಓಡಾಡೋರು. ಒಂದ್ಸಲ ನನ್ನ ಮೀನಿನ ಬುಟ್ಟಿ ತುಳಿದ್ರು" ಎಂದರು ಅಜ್ಜಿ.

"ಅವರೇ. ಸುಮಿಮಾಸೆನ್" ಎಂದರು ಸೆನ್ಸೇ.

"ಆ ಆನೆ ನಮ್ಮನೇದು ಕಣಮ್ಮ."

ಗುರುಗಳು ತಿರುಗಿ ನೋಡಿದರು. ಅಜ್ಜಿ ಮೆಟ್ಟಿಲ ಮೇಲೆ ಕೂತು, ಊರ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ಅವರ ಮುತ್ತಾತ ದೋಣಿ ಕಟ್ಟುವವನು. ಪಟ್ಟಣದಿಂದ ಬಂದ ಕೆತ್ತನೆಯವನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಇದ್ದ, ಸಾಯುವವರೆಗೂ. ದೇವಸ್ಥಾನದವರು ಎಷ್ಟು ಕೇಳಿಕೊಂಡರೂ ಉಳಿ ಮುಟ್ಟಲಿಲ್ಲ. ದೋಣಿಯ ಹುಟ್ಟು ಮಾಡಿಕೊಡುತ್ತಿದ್ದ, ಅನ್ನ ಬಡಿಸುವ ಸೌಟು ಮಾಡುತ್ತಿದ್ದ, ಸೋರುವ ಮರದ ಬಾಲ್ದಿ ರಿಪೇರಿ ಮಾಡುತ್ತಿದ್ದ. ಮಿಕ್ಕ ಹೊತ್ತು ಕಡಲ ಕಡೆ ಮುಖ ಮಾಡಿ ಕೂರುತ್ತಿದ್ದ. ಮಂಟಪ ಕಟ್ಟುವಾಗ ಮುತ್ತಾತನೇ ಧೈರ್ಯ ಮಾಡಿ ಆನೆ ಕೆತ್ತಿದ. ಕೆತ್ತನೆಯವನು ಪಕ್ಕದಲ್ಲಿ ಕೂತು ನೋಡುತ್ತಿದ್ದ.

"ಏನಾದ್ರೂ ಹೇಳ್ಕೊಡ್ತಿದ್ನಾ?" ಸೆನ್ಸೇ ಕೇಳಿದರು. ಅವರ ದನಿ ಸಣ್ಣದಾಗಿತ್ತು.

"'ಕಿವಿ ಇನ್ನೂ ಕೆಳಗೆ' ಅಂತಿದ್ನಂತೆ. ಅಷ್ಟೇ. ನಮ್ಮನೇಲಿ ಅದು ಗಾದೆ ಆಗಿಹೋಗಿತ್ತು. ಮಕ್ಕಳು ತಲೆ ಎತ್ಕೊಂಡು ಮೆರೆದ್ರೆ 'ಕಿವಿ ಇನ್ನೂ ಕೆಳಗೆ' ಅನ್ನೋರು ನಮ್ಮಜ್ಜಿ."

"ಅವನು ಮಾಡಿದ ಸೌಟು ಏನಾದ್ರೂ ಉಳಿದಿದ್ಯಾ?"

"ಒಂದಿತ್ತು. ಮಾರ್ಚಿ ತನಕ ಅದರಲ್ಲೇ ಬಡಿಸ್ತಿದ್ದೆ" ಎಂದು ಅಜ್ಜಿ ಕಡಲ ಕಡೆ ಗಲ್ಲ ಎತ್ತಿ ತೋರಿಸಿದರು.

"ನನ್ನ ಗಂಡನಿಗೆ ಇದನ್ನ ಯಾಕೆ ಹೇಳಲಿಲ್ಲ?"

"ಅವರು ಗುರುಗಳನ್ನ ಕೇಳೋರು. ನನ್ನನ್ನ ಯಾರು ಕೇಳಿದ್ರು?"

ಆಗ ಅಧಿಕಾರಿಯ ಕಾರು ಬಂತು. ಗುರುಗಳು ಸೆನ್ಸೇ ಪಕ್ಕಕ್ಕೆ ಬಗ್ಗಿ ಅವಸರವಾಗಿ ಪಿಸುಗುಟ್ಟಿದರು: "ಹಾಗಾದ್ರೆ ಅವನ ಮಾರ್ಗದರ್ಶನದಲ್ಲಿ ಆದದ್ದು ಅಂತ ಹೇಳಬಹುದಲ್ವಾ? ಅದು ಸುಳ್ಳಲ್ಲ. ಮೇಷ್ಟರು ಬರೆದಿದ್ದೂ ಉಳಿಯುತ್ತೆ. ಈ ಮಂಟಪ ಹೋದ್ರೆ ಸತ್ತೋರ ಮನೆಯವರನ್ನ ನಾನು ಎಲ್ಲಿ ಕೂರಿಸ್ಲಿ?"

ಅಧಿಕಾರಿ ಬಿಳಿ ಕೈಗವಸು ಹಾಕಿಕೊಂಡು ಆನೆತಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೇಷ್ಟರ ಲೇಖನಗಳನ್ನು ಓದಿಕೊಂಡು ಬಂದಿದ್ದರು. ಬಹಳ ಮರ್ಯಾದೆಯಿಂದಲೇ ಕೇಳಿದರು: "ಇದು ಅವರದೇ ಕೃತಿ ಎಂದು ತಮ್ಮ ಯಜಮಾನರು ಬರೆದಿದ್ದಾರೆ. ತಾವೂ ಅದನ್ನೇ ಹೇಳುತ್ತೀರಿ ತಾನೇ?"

ಹೂಂ ಎಂದರೆ ಮಂಟಪ ಉಳಿಯುತ್ತಿತ್ತು. ಗುರುಗಳು ಎರಡೂ ಕೈ ಜೋಡಿಸಿ ನೆಲ ನೋಡುತ್ತಿದ್ದರು. ಅಜ್ಜಿ ಪೊರಕೆಯ ಕಡ್ಡಿ ನೇರ ಮಾಡುತ್ತಿದ್ದರು. ಸೆನ್ಸೇ ಮೆಟ್ಟಿಲಿನಿಂದ ಏಳಲು ನೋಡಿದರು, ಆಗಲಿಲ್ಲ. ನಾನು ಕೈ ಕೊಟ್ಟೆ. ನಿಂತುಕೊಂಡು, ನಡು ಬಗ್ಗಿಸಿ, "ಅವನದ್ದಲ್ಲ" ಎಂದರು.

"ಆದರೆ ಅವರ ಪ್ರಭಾವ—"

"ಅವನು ಕೆಲಸ ನಿಲ್ಲಿಸಿದ್ದ. ಯಾರು ಕರೆದ್ರೂ ಏಳಲಿಲ್ಲ. ನಿಲ್ಲಿಸಿದವನನ್ನ ಸತ್ತ ಮೇಲೆ ಮತ್ತೆ ಕೆಲಸಕ್ಕೆ ಎಬ್ಬಿಸಬಾರದು. ಇದನ್ನ ಮಾಡಿದ್ದು ಈ ಅಜ್ಜಿಯ ಮುತ್ತಾತ. ಚೆನ್ನಾಗಿ ಮಾಡಿದಾನೆ. ಅದನ್ನ ಬರ್ಕೊಳ್ಳಿ."

ದೋಣಿ ಕಟ್ಟುವವನ ಆನೆಗೆ ಮಂಟಪ ಉಳಿಸುವ ನಿಯಮ ಇರಲಿಲ್ಲ. ಅಧಿಕಾರಿ ಬಹಳ ಸಲ ಬಾಗಿ ನಮಸ್ಕರಿಸಿ ಹೋದರು. ಗುರುಗಳು ನಮ್ಮನ್ನು ಕಾರಿನವರೆಗೆ ಬಿಡಲು ಬಂದರು, ಅದು ಪದ್ಧತಿ. ಕನ್ನಡಿಯಲ್ಲಿ ನೋಡಿದಾಗ ಬಾಗಿಸಿದ ತಲೆ ಎತ್ತದೆ ಅಲ್ಲೇ ನಿಂತಿದ್ದರು.

ಹೆದ್ದಾರಿಯ ಪಕ್ಕದ ತಂಗುದಾಣದಲ್ಲಿ ಕಾರು ನಿಲ್ಲಿಸಿ, ಒಳಗೆ ಒಂದು ಮೇಜಿನ ಮುಂದೆ ಕೂತೆವು. ನನಗೆ ಸಿಟ್ಟು ಬಂದಿತ್ತು. "ಸೆನ್ಸೇ, ಒಂದು ಮಾತು ಅಷ್ಟೇ ಅಲ್ವಾ? ಪಾಪ, ಆ ಗುರುಗಳು. ಅದೂ ನಿಮ್ಮ ಗಂಡ ಜೀವಮಾನವಿಡೀ..." ಎಂದೆ.

ಅವರು ಕಾಗದದ ಲೋಟದಲ್ಲಿದ್ದ ಚಹಾವನ್ನು ಕುಡಿಯದೆ ಹಿಡಿದುಕೊಂಡಿದ್ದರು.

"ಆಸ್ಪತ್ರೇಲಿ, ಕೊನೇ ವಾರ, ಆ ಮನುಷ್ಯ ನನ್ನ ಕೈ ಹಿಡ್ಕೊಂಡು ಕೇಳಿದ್ರು. 'ಆ ಆನೆ ಅವನದ್ದೇ ಅಲ್ವಾ?' ಅಂತ. ಇಷ್ಟು ವರ್ಷದ ಸಂಸಾರದಲ್ಲಿ ಆ ಶಿಲ್ಪಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. ನನಗೆ ಗೊತ್ತಿತ್ತು, ಅವರಿಗೂ ಅನುಮಾನ ಇದೆ ಅಂತ. ಇಲ್ದಿದ್ರೆ ಕೇಳ್ತಿದ್ರಾ?"

"ನೀವೇನಂದ್ರಿ?"

"ಅವನದ್ದೇ ಅಂದೆ. ನಾನು ಅದನ್ನ ನೋಡೂ ಇರಲಿಲ್ಲ." ಲೋಟವನ್ನು ಮೇಜಿನ ಮೇಲಿಟ್ಟರು. "ಬೇಕಾದವರಿಗೆ ಹೇಳಬೇಕಾದ ಸುಳ್ಳು ಹೇಳಿ ಆಯ್ತು, ಉಮಾ-ಸಾನ್. ಅದನ್ನ ಸರ್ಕಾರಕ್ಕೂ ಹೇಳೋ ಶಕ್ತಿ ನನಗಿಲ್ಲ."

ಆಮೇಲೆ ಅವರು ಅತ್ತರು. ಮುಖದ ಒಂದು ಗೆರೆಯೂ ಕದಲದೆ, ನಲ್ಲಿ ಸರಿಯಾಗಿ ಮುಚ್ಚದಿದ್ದರೆ ಹನಿಯುವ ಹಾಗೆ. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅವರು ಬೇಡವೆನ್ನಲಿಲ್ಲ.

ಮಂಟಪವನ್ನು ಮುಂದಿನ ವಸಂತದಲ್ಲಿ ಕೆಡವಿದರು. ಅಜ್ಜಿ ಎರಡೂ ಆನೆಗಳನ್ನು ನಮ್ಮನೇದು ಎಂದು ಹೇಳಿ ತೆಗೆದುಕೊಂಡು ಹೋದರು. ಈಗ ಅವು ಬಂದರಿನಲ್ಲಿ ಅವರ ಅಣ್ಣನ ಮಗನ ಮಂಜುಗಡ್ಡೆ ಅಂಗಡಿಯ ಬಾಗಿಲ ಎರಡು ಪಕ್ಕದಲ್ಲಿವೆಯಂತೆ. ಮೇಷ್ಟರ ಸ್ಥಳೀಯ ಇತಿಹಾಸದ ಗೆಳೆಯರು ಸೆನ್ಸೇ ಮನೆಗೆ ಬರುವುದನ್ನು ನಿಲ್ಲಿಸಿದರು. ಗಂಡನ ಕೆಲಸಕ್ಕೆ ಹೆಂಡತಿಯೇ ಮಣ್ಣು ಹಾಕಿದಳು ಎಂದು ಅವರಲ್ಲೊಬ್ಬರು ಸಮುದಾಯ ಭವನದಲ್ಲೇ, ನನಗೆ ಕೇಳುವ ಹಾಗೆ ಹೇಳಿದರು. ಕೊನೆಗೆ ಆ ಗೆಳೆಯರೇ ಮೇಷ್ಟರ ಪುಸ್ತಕವನ್ನು ಅಚ್ಚು ಹಾಕಿಸಿದರು. ಕೊನೆಯ ಅಧ್ಯಾಯ ಮೇಷ್ಟರು ಬರೆದಂತೆಯೇ ಇತ್ತು. ಸೆನ್ಸೇ ಆ ಅಜ್ಜಿಯ ಮಾತನ್ನು ಒಂದು ಪುಟದಲ್ಲಿ ಬರೆದುಕೊಟ್ಟಿದ್ದರು, ಅದರ ಬದಲು ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: "ಈ ವಿಷಯದಲ್ಲಿ ಲೇಖಕರ ಪತ್ನಿಗೆ ಭಿನ್ನಾಭಿಪ್ರಾಯವಿದೆ."

ಅದನ್ನು ಸೆನ್ಸೇ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನಿಂದ ಗಟ್ಟಿಯಾಗಿ ಓದಿಸಿದರು. ಉಚ್ಚಾರ ತಿದ್ದಿದರು. ಆಮೇಲೆ, "ಪರವಾಗಿಲ್ಲ. ನಮ್ಮ ಇಡೀ ಸಂಸಾರವನ್ನ ಒಂದೇ ಸಾಲಲ್ಲಿ ಸರಿಯಾಗಿ ಬರೆದಿದಾರೆ" ಎಂದು ಇನ್ನೊಂದು ಸೌಟು ಹುಳಿ ಬಡಿಸಿಕೊಂಡರು.

ಆಮೇಲೆಯೂ ಅವರು ಕಲಿಸುತ್ತಲೇ ಇದ್ದರು. ಊರಿಗೆ ಹೋದವರ ಜಾಗಕ್ಕೆ ಹೊಸಬರು ಬಂದರು. ಬೆಂಗಳೂರಿನ, ಹುಬ್ಬಳ್ಳಿಯ ಹುಡುಗಿಯರು, ಕೈಯಲ್ಲಿ ಇನ್ನೂ ಮದರಂಗಿ ಮಾಸದವರು. ಬೋರ್ಡಿನ ಮೇಲೆ ಅದೇ ಮೊದಲ ಪದ. ನಗುತ್ತ ಬರೆದುಕೊಂಡ ಆ ಹುಡುಗಿಯರು ಮಳೆಗಾಲ ಬರುವುದರೊಳಗೆ ಅದನ್ನು ನಗದೆ ಹೇಳಲು ಕಲಿಯುತ್ತಿದ್ದರು. ಪಾಠ ಮುಗಿದ ಮೇಲೆ ಸೆನ್ಸೇ ಕುರ್ಚಿಯಿಂದ ಏಳಲು ತೆಗೆದುಕೊಳ್ಳುವ ಹೊತ್ತು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಕಲಿಸುವುದು ಬಿಟ್ಟುಬಿಡಿ ಎಂದು ನಾನು ಹೇಳಿದಾಗ, "ಬಿಡೋದಕ್ಕೂ ಒಂದಿಷ್ಟು ತ್ರಾಣ ಬೇಕು. ಆ ಮನುಷ್ಯನಿಗೆ ಅದಿತ್ತು" ಎಂದರು. ಈ ಸಲ ಯಾವ ಮನುಷ್ಯ ಎಂದು ನಾನು ಕೇಳಬೇಕಾಗಲಿಲ್ಲ.

ಅವರ ಜೊತೆ ನಾನು ಕೊನೆಯ ಬಾರಿ ದೂರ ಹೋದದ್ದು ಮತ್ತೆ ಅದೇ ಕಡಲತೀರಕ್ಕೆ. ಗುರುಗಳು ಎಷ್ಟೋ ವರ್ಷಗಳ ಮೇಲೆ ತಾವಾಗಿಯೇ ಫೋನ್ ಮಾಡಿದ್ದರು. ಗುಡ್ಡದ ಮೇಲೆ ಹೊಸ ಮಂಟಪ ಕಟ್ಟಿದ್ದೇವೆ, ಚಿಕ್ಕದು, ನೀವು ಬರಬೇಕು ಎಂದು. ಸೆನ್ಸೇ ಬರುವುದಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಬೂದು ಬಣ್ಣದ ಒಳ್ಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.

ಮಂಟಪ ಎಂದರೆ ಒಂದು ದೊಡ್ಡ ಕೋಣೆ. ಪ್ಲೈವುಡ್ ಗೋಡೆ, ಅಲ್ಯುಮಿನಿಯಂ ಕಿಟಕಿ, ಮಡಚುವ ಕುರ್ಚಿಗಳು. ಹೊಸ ಮರದ ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಗುರುಗಳ ಕೂದಲು ಪೂರ್ತಿ ನರೆತಿತ್ತು. ಬಾಗಿಲಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಹಳ ಹೊತ್ತು ಬಾಗಿ ನಿಂತರು. ಮೊದಲು ತಲೆ ಎತ್ತಿದವರು ಯಾರು ಎಂದು ನನಗೆ ತಿಳಿಯಲಿಲ್ಲ.

ಸೆನ್ಸೇ ಒಳಗೆ ಬಂದು ಗೋಡೆಗೆ ತಾಗಿದ್ದ ಕುರ್ಚಿಯಲ್ಲಿ ಕೂತು, ಮೆಲ್ಲಗೆ ತಲೆ ಎತ್ತಿ ಚಾವಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಬಿಳಿ ಹಲಗೆ, ಎರಡು ಟ್ಯೂಬ್‌ಲೈಟು.

"ನೋಡೋಕೆ ಏನೂ ಇಲ್ಲ" ಎಂದರು ನನ್ನ ಕಡೆ ತಿರುಗಿ. "ಒಳ್ಳೇದಾಯ್ತು."

ಪೂಜೆ ಶುರುವಾಯಿತು. ಊರಿನವರು ಸ್ವಲ್ಪ ಜನ ಇದ್ದರು. ಗುರುಗಳು ಸೂತ್ರ ಪಠಿಸತೊಡಗಿದರು. ಸ್ವಲ್ಪ ಹೊತ್ತಿಗೆ ನನ್ನ ಹೆಗಲಿಗೆ ಭಾರ ಬಂತು. ಸೆನ್ಸೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬಿನ ನಡುವೆ ಸದಾ ಇರುತ್ತಿದ್ದ ಗಂಟು ಬಿಚ್ಚಿಕೊಂಡಿತ್ತು. ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಬ್ಬಿಸಬೇಕೋ ಬೇಡವೋ ತಿಳಿಯದೆ ಗುರುಗಳ ಕಡೆ ನೋಡಿದೆ. ಅವರೂ ನೋಡಿದ್ದರು. ಪಠಣ ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿತು. ಗಂಟೆ ಹೊಡೆಯಬೇಕಾದ ಕಡೆ ಬಂದಾಗ ಅಭ್ಯಾಸದಂತೆ ಕೋಲು ಎತ್ತಿದವರು, ನಮ್ಮ ಕಡೆ ಇನ್ನೊಮ್ಮೆ ನೋಡಿ, ಅದನ್ನು ಸದ್ದಾಗದಂತೆ ಚಾಪೆಯ ಮೇಲಿಟ್ಟು ಮುಂದಿನ ಸಾಲಿಗೆ ಹೋದರು.